ಕರುಳಿನ ಮಡಿ

ಕನ್ನಡದಲ್ಲಿ ಕರುಳಿಗೆ ಸಂದಿರುವ ಗೌರವ ದೇಹದ ಬೇರೆ ಅಂಗಗಳಿಗೆ ಸಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಮಗು ಕರುಳಿನ ಕುಡಿ. ತಾಯಿಗೂ ಮಗುವಿಗೂ ಇರುವುದು ಕರುಳಿನ ನಂಟು. ಕಂಡವರ ಕಷ್ಟಕ್ಕೆ ನಮ್ಮ ಕರುಳು ಚುರುಕ್ಕೆನ್ನುತ್ತದೆ. ದಯೆಯಿಲ್ಲದವನನ್ನು ಕರುಳಿಲ್ಲದವನೆಂದು ಬಯ್ಯುತ್ತೇವೆ. ಇತರ ಭಾಷೆಯವರು ಹೃದಯಕ್ಕೆ ವಹಿಸಿದ ಕೆಲಸದಲ್ಲಿ ಅರ್ಧವನ್ನಾದರೂ ನಮ್ಮ ಹಿರಿಯರು ಕರುಳಿಗೆ ವಹಿಸಿದ್ದಾರೆ. ಆದರೆ ಅದೇ ಕರುಳು ದಿನವೂ ಸದ್ದಿಲ್ಲದೆ ನಡೆಸುವ ಕೆಲಸದ ಪ್ರಸ್ತಾಪ ಬಂದೊಡನೆ ನಾವು ದನಿಯನ್ನು ತಗ್ಗಿಸುತ್ತೇವೆ. ದಾರಿಹೋಕನನ್ನೂ "ಊಟವಾಯಿತೇ?" ಎಂದು ವಿಚಾರಿಸುವ ನಾಡು ನಮ್ಮದು, ಅದರ ಮುಂದಿನ ಪ್ರಶ್ನೆಯನ್ನು ಕೇಳುವ ಅಧಿಕಾರವನ್ನು ಮಾತ್ರ ಅಜ್ಜಿಗೂ ವೈದ್ಯನಿಗೂ ಬಿಟ್ಟುಕೊಟ್ಟಿದ್ದೇವೆ. ನಮ್ಮ ಪುರವರದ ಕಡೆ ಅದಕ್ಕೆ ಇದ್ದ ಮಾತುಗಳೆಲ್ಲವೂ ದಿಕ್ಕನ್ನು ತೋರಿಸುವಂಥವೇ: ಬಯಲ ಕಡೆಗೆ ಹೋದ, ಕೆರೆಯ ಕಡೆಗೆ ಹೋದ, ಚೊಂಬು ತೆಗೆದುಕೊಂಡು ಹೋದ. ಹೋದವನು ಏನು ಮಾಡಿ ಬಂದನೆಂಬುದನ್ನು ಭಾಷೆ ಹೇಳುತ್ತಿರಲಿಲ್ಲ.

ಸಂಕೋಚವಿರುವ ಕಡೆ ವ್ಯಾಪಾರ ಚೆನ್ನಾಗಿ ಬೆಳೆಯುತ್ತದೆ. ಕೆಲವು ವರ್ಷಗಳ ಹಿಂದೆ ಮಧುಗಿರಿಯ ಬಸ್ ನಿಲ್ದಾಣದಲ್ಲಿ ನನ್ನ ಕೈಗೆ ಒಂದು ಕರಪತ್ರ ಬಂತು. ಮನುಷ್ಯನ ದೊಡ್ಡ ಕರುಳಿನ ಗೋಡೆಗೆ ವರ್ಷಗಟ್ಟಲೆ ಹಳೆಯ ಮಲ ಕೆಸರಿನಂತೆ ಮೆತ್ತಿಕೊಂಡಿರುತ್ತದೆಯೆಂದೂ, ಅದರ ವಿಷ ರಕ್ತಕ್ಕೆ ಏರುವುದರಿಂದಲೇ ತಲೆನೋವು, ಮೊಡವೆ, ಕೀಲುನೋವು, ಮರೆವು, ಸಿಟ್ಟು ಇವೆಲ್ಲ ಬರುತ್ತವೆಯೆಂದೂ, ತಮ್ಮ ಚೂರ್ಣವನ್ನು ನಲವತ್ತು ದಿನ ಸೇವಿಸಿದರೆ ಒಳಗೆಲ್ಲ ಬಚ್ಚಲು ತಿಕ್ಕಿದಂತೆ ಚೊಕ್ಕಟವಾಗುವುದೆಂದೂ ಅದರಲ್ಲಿತ್ತು. ಸಿಟ್ಟನ್ನೂ ಸೇರಿಸಿದ್ದನ್ನು ನೋಡಿ ನಗು ಬಂತು. ಆದರೆ ನಗುವುದಕ್ಕೆ ಮಾತ್ರ ತಕ್ಕ ಸಂಗತಿ ಇದಲ್ಲ. ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೂರು ದಿನಗಳ ಕರುಳುಶುದ್ಧಿ ಶಿಬಿರಕ್ಕೆ ಹಣ ತೆತ್ತು ಹೋಗಿ ಬಂದು, "ಬಹಳ ಹಗುರವಾಗಿದೆ ಸಾರ್, ಎರಡು ಕಿಲೋ ಇಳಿದಿದ್ದೇನೆ" ಎಂದು ಹೇಳಿದ. ಅವನು ಹೇಳಿದ್ದು ಸುಳ್ಳಲ್ಲ. ಮೂರು ದಿನ ಉಪವಾಸವಿದ್ದು ಭೇದಿ ಮಾಡಿಕೊಂಡವನ ಮೈಯಿಂದ ಎರಡು ಕಿಲೋ ನೀರು ಹೋಗುವುದು ಸಹಜ. ಊರಿಗೆ ಹೋಗಿ ಎರಡು ದಿನ ತಾಯಿಯ ಕೈ ಅಡಿಗೆ ಉಂಡರೆ ಅದು ಹಿಂದಿರುಗುವುದೂ ಅಷ್ಟೇ ಸಹಜ.

ಕರುಳನ್ನು ತೊಳೆಯಬೇಕೆಂಬ ವಿಚಾರ ನಮಗೇನೂ ಹೊಸದಲ್ಲ. ನನ್ನ ಬಾಲ್ಯದಲ್ಲಿ ಪುರವರ ಹೋಬಳಿಯ ಹಳ್ಳಿಗಳಲ್ಲಿ ಹರಳೆಣ್ಣೆಯ ದಿನವೆಂಬುದೊಂದಿತ್ತು. ಪಂಚಾಂಗದಲ್ಲಿ ಅದಕ್ಕೆ ಜಾಗವಿಲ್ಲದಿದ್ದರೂ ಮಕ್ಕಳೆಲ್ಲರೂ ಅದನ್ನು ಹಬ್ಬಗಳಿಗಿಂತ ಸ್ಪಷ್ಟವಾಗಿ ನೆನಪಿಡುತ್ತಿದ್ದರು. ರಾಗಿಯ ಹೊಲದಲ್ಲಿ ಅಕ್ಕಡಿಯ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳುಗಳ ಜೊತೆಗೆ ನಾಲ್ಕು ಹರಳು ಗಿಡಗಳನ್ನೂ ಹಾಕುವುದು ವಾಡಿಕೆ. ಸುಗ್ಗಿ ಮುಗಿದ ಮೇಲೆ ಅಜ್ಜಿ ಆ ಬೀಜಗಳನ್ನು ಹದವಾಗಿ ಹುರಿದು, ಒರಳಿನಲ್ಲಿ ಕುಟ್ಟಿ, ದೊಡ್ಡ ಮಡಕೆಯ ನೀರಿನಲ್ಲಿ ಹಾಕಿ ಕುದಿಸುತ್ತಿದ್ದಳು. ಬಹಳ ಹೊತ್ತಿನ ಮೇಲೆ ಎಣ್ಣೆ ಮೇಲಕ್ಕೆ ತೇಲುತ್ತಿತ್ತು. ಅದನ್ನು ಸೌಟಿನಿಂದ ತೆಗೆದು, ನೀರಿನ ಪಸೆ ಆರುವವರೆಗೆ ಮತ್ತೊಮ್ಮೆ ಕಾಯಿಸಿ, ಸೀಸೆಯಲ್ಲಿ ತುಂಬಿಡುತ್ತಿದ್ದಳು. ತಲೆಗೆ ಹಚ್ಚುವುದಕ್ಕೂ, ದೀಪಕ್ಕೂ, ಗಾಡಿಯ ಕೀಲಿಗೂ, ಮಕ್ಕಳ ಹೊಟ್ಟೆಗೂ ಅದೇ ಎಣ್ಣೆ.

ಇಲ್ಲಿ ಒಂದು ಮಾತು ಹೇಳಬೇಕು. ಹರಳಿನ ಬೀಜದಲ್ಲಿ ರೈಸಿನ್ ಎಂಬ ಘೋರವಾದ ವಿಷವಿದೆ. ಕೆಲವೇ ಬೀಜಗಳನ್ನು ಜಗಿದು ನುಂಗಿದರೂ ಮಗುವಿನ ಪ್ರಾಣಕ್ಕೆ ಅಪಾಯ. ಆದರೆ ಆ ವಿಷ ಎಣ್ಣೆಯಲ್ಲಿ ಕರಗುವುದಿಲ್ಲ, ಕುದಿಯುವ ಶಾಖದಲ್ಲಿ ಕೆಡುತ್ತದೆ. ಹುರಿದು, ಕುದಿಸಿ, ಮತ್ತೆ ಕಾಯಿಸುವ ಅಜ್ಜಿಯ ಕ್ರಮದಲ್ಲಿ ಇದಕ್ಕೆ ಬೇಕಾದ ಎಚ್ಚರಿಕೆಯೆಲ್ಲವೂ ಇತ್ತು. ಅವಳು ರಸಾಯನಶಾಸ್ತ್ರ ಓದಿದವಳಲ್ಲ. ಆ ಎಣ್ಣೆ ಹೇಗೆ ಕೆಲಸ ಮಾಡುತ್ತದೆಂಬುದಂತೂ ಓದಿದವರಿಗೂ ಬಹುಕಾಲ ತಿಳಿದಿರಲಿಲ್ಲ. ಅದರಿಂದ ಬಿಡುಗಡೆಯಾಗುವ ಆಮ್ಲವೊಂದು ಕರುಳಿನ ಸ್ನಾಯುಗಳಲ್ಲಿರುವ ನಿರ್ದಿಷ್ಟ ಗ್ರಾಹಕಗಳನ್ನು ಕೆರಳಿಸಿ ಅವನ್ನು ಹಿಂಡುವಂತೆ ಮಾಡುತ್ತದೆಂಬುದನ್ನು ಜರ್ಮನಿಯ ಸಂಶೋಧಕರು ತೋರಿಸಿಕೊಟ್ಟದ್ದು ೨೦೧೨ರಲ್ಲಿ.

ಆ ದಿನ ಬೆಳಗಿನ ಜಾವದಲ್ಲಿ ಮಕ್ಕಳನ್ನು ಎಬ್ಬಿಸಿ, ಮುಖ ತೊಳೆಸಿ, ಸಾಲಾಗಿ ಕೂರಿಸುತ್ತಿದ್ದರು. ಎಳೆಯ ಮಕ್ಕಳಿಗೆ ಒಳಲೆ, ದೊಡ್ಡವರಿಗೆ ಲೋಟ. ಒಬ್ಬರು ಮೂಗು ಹಿಡಿಯಬೇಕು, ಇನ್ನೊಬ್ಬರು ಕೈಕಾಲು ಹಿಡಿಯಬೇಕು, ಅಜ್ಜಿ ಹೊಯ್ಯಬೇಕು. ಹಿಂದೆಯೇ ಬಿಸಿ ಜೀರಿಗೆಯ ಕಷಾಯ, ಕೈಗೊಂದು ಚೂರು ಬೆಲ್ಲ. ಕಣಜದ ಹಿಂದೆ ಅಡಗಿದವನನ್ನು ಎಳೆದು ತರುವ ಕೆಲಸ ಅಣ್ಣಂದಿರದು. ಅವರಿಗೆ ಅದರಲ್ಲಿ ವಿಶೇಷ ಉತ್ಸಾಹವಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಬಾಡಿದ ಬಳ್ಳಿಗಳಂತೆ ಜಗುಲಿಯ ಮೇಲೆ ಮಲಗಿರುತ್ತಿದ್ದೆವು. ಸಂಜೆಗೆ ಮೆತ್ತನೆಯ ಅನ್ನ, ಮೆಣಸಿನ ಸಾರು. ಅನ್ನವೆಂಬುದು ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಸೀಮೆಯಲ್ಲಿ ಅದೊಂದೇ ಆ ದಿನದ ಸಮಾಧಾನ.

ಹೊಟ್ಟೆಯಲ್ಲಿ ಹುಳುವಾಗಿದೆಯೆಂಬುದು ಈ ಹಿಂಸೆಗೆ ಅಜ್ಜಿಯರು ಕೊಡುತ್ತಿದ್ದ ಕಾರಣ. ಹುಳುವಿದ್ದದ್ದು ನಿಜ. ಬರಿಗಾಲಿನಲ್ಲಿ ಬಯಲಿಗೆ ಹೋಗುತ್ತಿದ್ದ ಮಕ್ಕಳಿಗೆ ಕೊಕ್ಕೆಹುಳುವೂ ಜಂತುಹುಳುವೂ ಇಲ್ಲದಿದ್ದರೆ ಆಶ್ಚರ್ಯಪಡಬೇಕು. ಆದರೆ ಹರಳೆಣ್ಣೆಗೆ ಹುಳುವನ್ನು ಕೊಲ್ಲುವ ಶಕ್ತಿಯಿಲ್ಲ. ಒಂದೆರಡು ಹೊರಬಿದ್ದರೆ ಉಳಿದವು ಗೋಡೆಯನ್ನು ಕಚ್ಚಿಕೊಂಡು ಸುಖವಾಗಿಯೇ ಇರುತ್ತಿದ್ದವು. ೨೦೧೫ರಿಂದ ಈಚೆಗೆ ದೇಶದಾದ್ಯಂತ ಶಾಲೆ ಅಂಗನವಾಡಿಗಳಲ್ಲಿ ಆಚರಿಸುತ್ತಿರುವ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಕೊಡುವ ಒಂದು ಆಲ್ಬೆಂಡಜೋಲ್ ಮಾತ್ರೆ ಅಜ್ಜಿಯ ಇಡೀ ಸೀಸೆ ಮಾಡಲಾಗದ ಕೆಲಸವನ್ನು ಮಾಡುತ್ತದೆ. ಮೂಗು ಹಿಡಿಯುವ ಅಗತ್ಯವೂ ಇಲ್ಲ. ಚೀಪಿ ತಿನ್ನುವ ಮಾತ್ರೆ.

ಹರಳೆಣ್ಣೆಯ ಇನ್ನೊಂದು ಮುಖವನ್ನೂ ಹೇಳದೆ ಬಿಡುವಂತಿಲ್ಲ. ನಮ್ಮ ಕೇರಿಯಲ್ಲಿ ನನಗಿಂತ ಎರಡು ವರ್ಷ ದೊಡ್ಡವನಾದ ಹುಡುಗನೊಬ್ಬನಿದ್ದ. ಮರ ಹತ್ತುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಂದು ದಿನ ಅವನಿಗೆ ಹೊಕ್ಕುಳಿನ ಸುತ್ತ ನೋವು ಹುಟ್ಟಿ, ಸಂಜೆಯ ಹೊತ್ತಿಗೆ ಬಲಗಡೆಯ ಕಿಬ್ಬೊಟ್ಟೆಗೆ ಇಳಿಯಿತು. ಏನೋ ತಿಂದಿದ್ದಾನೆ, ಹೊಟ್ಟೆ ಕಟ್ಟಿದೆ ಎಂದು ಹಿರಿಯರು ಹರಳೆಣ್ಣೆ ಕುಡಿಸಿದರು. ರಾತ್ರಿ ನೋವು ಹೆಚ್ಚಾಗಿ, ಬೆಳಗಾಗುವ ಮುಂಚೆ ಇದ್ದಕ್ಕಿದ್ದಂತೆ ಕಡಮೆಯಾಯಿತು. ಎಲ್ಲರೂ ಗುಣವಾಯಿತೆಂದು ದೇವರಿಗೆ ಕೈ ಮುಗಿದರು. ಅದು ಗುಣವಾದದ್ದಲ್ಲ, ಒಳಗೆ ಅಪೆಂಡಿಕ್ಸ್ ಒಡೆದದ್ದು. ಮೂರನೆಯ ದಿನ ತುಮಕೂರಿಗೆ ಹೊತ್ತುಕೊಂಡು ಹೋದರು, ಅವನು ಮರಳಲಿಲ್ಲ. ಹೊಟ್ಟೆ ನೋಯುತ್ತಿರುವಾಗ ಕಾರಣ ತಿಳಿಯದೆ ಭೇದಿಗೆ ಕೊಡಬಾರದೆಂಬುದು ವೈದ್ಯಪುಸ್ತಕಗಳಲ್ಲಿ ಬಹಳ ಹಿಂದಿನಿಂದ ಬರೆದಿರುವ ಮಾತು. ಪುಸ್ತಕ ತುಮಕೂರಿನಲ್ಲಿತ್ತು, ಎಣ್ಣೆ ಅಟ್ಟದ ಮೇಲಿತ್ತು.

ಶೋಧನವನ್ನು ಸಮರ್ಥಿಸುವವರು ಇಂಥ ಕಡೆ ಆಯುರ್ವೇದವನ್ನೂ ಯೋಗವನ್ನೂ ಸಾಕ್ಷಿಗೆ ಕರೆಯುವುದುಂಟು. ಕರೆಯಲಿ, ಆದರೆ ಸಾಕ್ಷಿ ಹೇಳುವುದನ್ನು ಪೂರ್ತಿ ಕೇಳಬೇಕು. ಚರಕಸಂಹಿತೆ ವಮನ ವಿರೇಚನಗಳಿಗೆ ೬೦೦ ಯೋಗಗಳನ್ನು ಹೇಳುತ್ತದೆಂಬುದು ನಿಜ. ಅದರ ಜೊತೆಗೆ, ಮೊದಲು ಸ್ನೇಹನ, ಆಮೇಲೆ ಸ್ವೇದನ, ಶೋಧನವಾದ ಮೇಲೆ ತೆಳುವಾದ ಗಂಜಿಯಿಂದ ಆರಂಭಿಸಿ ದಿನದಿನಕ್ಕೆ ಗಟ್ಟಿಮಾಡುತ್ತ ಊಟಕ್ಕೆ ಮರಳುವುದು, ಇಷ್ಟನ್ನು ವಿಧಿಸುತ್ತದೆ. ಬಲಹೀನನಿಗೆ, ಅಜೀರ್ಣವಾದವನಿಗೆ, ಹೊಸದಾಗಿ ಜ್ವರ ಬಂದವನಿಗೆ ವಿರೇಚನ ಕೂಡದೆಂದು ನಿಷೇಧಿಸುತ್ತದೆ. ಹಠಯೋಗಪ್ರದೀಪಿಕೆಯನ್ನು ರಚಿಸಿದ ಸ್ವಾತ್ಮಾರಾಮನೂ ಧೌತಿ ಬಸ್ತಿ ಮೊದಲಾದ ಷಟ್ಕರ್ಮಗಳನ್ನು ಮೇದಸ್ಸು ಕಫಗಳು ಹೆಚ್ಚಾದವರು ಮಾಡಲಿ, ಉಳಿದವರಿಗೆ ಬೇಡ ಎನ್ನುತ್ತಾನೆ. ರೋಗಿಯ ಮುಖವನ್ನೇ ನೋಡದೆ ಅಂಚೆಯಲ್ಲಿ ಚೂರ್ಣ ಕಳುಹಿಸುವವನು ಯಾವ ಶಾಸ್ತ್ರದವನೋ ನನಗೆ ತಿಳಿಯದು.

ನಿಜವಾಗಿ, ಆ ಕರಪತ್ರದ ಭಾಷೆ ಹುಟ್ಟಿದ್ದು ನಮ್ಮ ಗ್ರಂಥಗಳಲ್ಲಿ ಅಲ್ಲ, ಯೂರೋಪಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಷಾರ್ಲ್ ಬೂಷಾರ್ ಎಂಬ ವೈದ್ಯ, ಕರುಳಿನಲ್ಲಿ ಕೊಳೆತದ್ದರಿಂದ ಮನುಷ್ಯ ತನಗೆ ತಾನೇ ವಿಷವಿಕ್ಕಿಕೊಳ್ಳುತ್ತಾನೆಂಬ ಸಿದ್ಧಾಂತವನ್ನು ಮಂಡಿಸಿದ. ೧೯೦೮ರಲ್ಲಿ ನೊಬೆಲ್ ಬಹುಮಾನ ಪಡೆದ ಮೆಚ್ನಿಕಾಫ್ ಅದನ್ನು ನಂಬಿ, ಮುಪ್ಪಿಗೆ ದೊಡ್ಡ ಕರುಳೇ ಕಾರಣವೆಂದು ಬಗೆದು, ಹುಳಿ ಹಾಲು ಕುಡಿಯಲು ಜಗತ್ತಿಗೆ ಉಪದೇಶಿಸಿದ. (ಮಜ್ಜಿಗೆಯಿಲ್ಲದೆ ಊಟ ಮುಗಿಸದ ನಮ್ಮ ಅಜ್ಜಂದಿರು ಈ ಉಪದೇಶಕ್ಕೆ ಕಾದಿರಲಿಲ್ಲ.) ಅಮೆರಿಕದ ಬ್ಯಾಟಲ್ ಕ್ರೀಕಿನಲ್ಲಿ ಡಾಕ್ಟರ್ ಕೆಲಾಗ್ ತನ್ನ ಆರೋಗ್ಯಧಾಮಕ್ಕೆ ಬಂದ ಶ್ರೀಮಂತರಿಗೆಲ್ಲ ಎನಿಮಾ ಕೊಡಿಸಿದ. ಲಂಡನ್ನಿನ ಪ್ರಖ್ಯಾತ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್ ಇನ್ನೂ ಮುಂದೆ ಹೋಗಿ, ಬರಿಯ ಮಲಬದ್ಧತೆಗಾಗಿ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದ. ಮನೆಯಲ್ಲಿ ಕಸವಿದೆಯೆಂದು ಮನೆಯನ್ನೇ ಕೆಡವಿದ ಹಾಗೆ.

ಈ ಭ್ರಾಂತಿಯನ್ನು ಬಿಡಿಸಿದ ಪ್ರಯೋಗ ಬಹಳ ಸರಳವಾದದ್ದು. ಮಲ ಕಟ್ಟಿದವನಿಗೆ ತಲೆಭಾರ, ಮಂಕು, ಅರುಚಿ ಉಂಟಾಗುವುದು ವಿಷದಿಂದಲ್ಲ, ಗುದನಾಳ ಹಿಗ್ಗಿ ಅಲ್ಲಿಯ ನರಗಳು ಕೆರಳುವುದರಿಂದ ಎಂದು ಅಮೆರಿಕದ ವಾಲ್ಟರ್ ಆಲ್ವಾರೆಝ್ ೧೯೧೯ರಲ್ಲಿ ವಾದಿಸಿದ. ಮೂರು ವರ್ಷಗಳ ತರುವಾಯ ಡೊನಾಲ್ಡ್‌ಸನ್ ಎಂಬಾತ ಆರೋಗ್ಯವಂತರ ಗುದನಾಳದಲ್ಲಿ ಹತ್ತಿಯನ್ನು ತುಂಬಿ ನೋಡಿದ. ಅದೇ ತಲೆಭಾರ, ಅದೇ ಮಂಕು. ಹತ್ತಿಯಲ್ಲಿ ವಿಷವೆಲ್ಲಿಯದು? ತೆಗೆದೊಡನೆ ಎಲ್ಲವೂ ಮಾಯವಾಯಿತು. ಹೊರಗೆ ಹೋಗಿ ಬಂದವನಿಗೆ ಆ ಕ್ಷಣವೇ ಜೀವ ಬಂದಂತಾಗುವುದೂ ಇದಕ್ಕೆ ಪುರಾವೆ. ರಕ್ತದಲ್ಲಿ ವಿಷವಿದ್ದಿದ್ದರೆ ಅದು ಇಳಿಯಲು ಗಂಟೆಗಳಾದರೂ ಬೇಕು.

ಕರುಳಿನ ಗೋಡೆಗೆ ಮಲ ಮೆತ್ತಿಕೊಳ್ಳುತ್ತದೆಂಬ ಮಾತೂ ಅಷ್ಟೇ ಪೊಳ್ಳು. ಆ ಗೋಡೆಯ ಒಳಮೈ ನಾಲ್ಕೈದು ದಿನಗಳಿಗೊಮ್ಮೆ ಪೂರ್ತಿ ಹೊಸದಾಗುತ್ತದೆ. ಅದರ ಮೇಲೆ ಲೋಳೆಯ ಪದರ ಬೇರೆ. ಗೋಡೆಯೇ ಉಳಿಯದ ಕಡೆ ಹಳೆಯ ಕೆಸರು ಉಳಿಯುವುದು ಹೇಗೆ? ನಾವು ಕುಡಿದದ್ದೂ ದೇಹ ತಾನೇ ಸುರಿಸಿದ ರಸಗಳೂ ಸೇರಿ ದಿನಕ್ಕೆ ಸುಮಾರು ೯ ಲೀಟರ್ ದ್ರವ ಕರುಳಿಗೆ ಬರುತ್ತದೆ. ಸಣ್ಣ ಕರುಳು ಅದರಲ್ಲಿ ಬಹುಪಾಲನ್ನು ಹೀರಿ, ಒಂದು ಒಂದೂವರೆ ಲೀಟರನ್ನು ದೊಡ್ಡ ಕರುಳಿಗೆ ಬಿಡುತ್ತದೆ. ಐದು ಅಡಿ ಉದ್ದದ ಈ ದೊಡ್ಡ ಕರುಳು ಅದನ್ನೂ ಹೀರಿ, ಕಡೆಗೆ ಹೊರಕ್ಕೆ ಬಿಡುವುದು ಒಂದು ಸಣ್ಣ ಲೋಟದಷ್ಟು ನೀರನ್ನು. ನಮ್ಮ ಬರಗಾಲದ ಸೀಮೆಯಲ್ಲಿ ನೀರನ್ನು ಇಷ್ಟು ಜೋಪಾನ ಮಾಡುವ ಒಕ್ಕಲು ಇನ್ನೊಂದಿಲ್ಲ. ಅಲ್ಲಿ ಹತ್ತಾರು ಲಕ್ಷ ಕೋಟಿ ಸೂಕ್ಷ್ಮಜೀವಿಗಳೂ ವಾಸವಾಗಿವೆ. ನಮಗೆ ಜೀರ್ಣವಾಗದ ನಾರನ್ನು ಅವು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲವನ್ನು ಮಾಡುತ್ತವೆ. ದೊಡ್ಡ ಕರುಳಿನ ಗೋಡೆಯ ಜೀವಕೋಶಗಳಿಗೆ ಅದೇ ಮುಖ್ಯವಾದ ಆಹಾರ. ಈ ಏರ್ಪಾಟಿನೊಳಕ್ಕೆ ಕೊಳವೆಯಿಟ್ಟು ನೀರು ನುಗ್ಗಿಸುವುದು ಯಾವಾಗಲೂ ನಿರಪಾಯವಲ್ಲ. ಅಮೆರಿಕದ ಕೊಲರಾಡೋದಲ್ಲಿ ೧೯೭೮ರಿಂದ ೧೯೮೦ರ ವರೆಗೆ ಒಂದು ಚಿಕಿತ್ಸಾಲಯದಲ್ಲಿ ಕರುಳು ತೊಳೆಸಿಕೊಂಡವರಲ್ಲಿ ಕನಿಷ್ಠ ೩೬ ಮಂದಿಗೆ ಆ ಯಂತ್ರದಿಂದಲೇ ಅಮೀಬಾ ಆಮಶಂಕೆ ಅಂಟಿತು. ಹತ್ತು ಮಂದಿಯ ದೊಡ್ಡ ಕರುಳನ್ನು ತೆಗೆಯಬೇಕಾಯಿತು, ಕೆಲವರು ಉಳಿಯಲಿಲ್ಲ.

ಹಾಗಾದರೆ ಮಲಬದ್ಧತೆ ಸುಳ್ಳೇ? ಅಲ್ಲ. ಅದು ಇದೆ, ಹೆಚ್ಚುತ್ತಲೂ ಇದೆ. ಉಗಾಂಡದಲ್ಲಿ ಬಹುಕಾಲ ಶಸ್ತ್ರವೈದ್ಯನಾಗಿದ್ದ ಡೆನಿಸ್ ಬರ್ಕಿಟ್ ಎಂಬ ಐರಿಷ್ ಮಹನೀಯ ಈ ವಿಷಯದಲ್ಲಿ ಸಂಕೋಚವನ್ನು ಪೂರ್ತಿಯಾಗಿ ತೊರೆದವನು. ಯಾರ ಹೊಟ್ಟೆಯಲ್ಲಿ ಆಹಾರ ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ತೂಕ ಹೊರಬೀಳುತ್ತದೆ ಎಂಬುದನ್ನು ಸಂಗಡಿಗರೊಡನೆ ಅಳೆದು ೧೯೭೨ರಲ್ಲಿ ಪ್ರಕಟಿಸಿದ. ಒರಟು ಧಾನ್ಯ ತಿನ್ನುವ ಆಫ್ರಿಕದ ಹಳ್ಳಿಗರಲ್ಲಿ ಆ ಪ್ರಯಾಣ ಸುಮಾರು ಒಂದೂವರೆ ದಿನದ್ದು. ನಯವಾದ ಹಿಟ್ಟಿನ ಬ್ರೆಡ್ಡು ತಿನ್ನುವ ಇಂಗ್ಲಿಷರಲ್ಲಿ ಮೂರು ದಿನಕ್ಕೂ ಹೆಚ್ಚು. ವ್ಯತ್ಯಾಸಕ್ಕೆ ನಾರೇ ಕಾರಣವೆಂಬುದು ಅವನ ತೀರ್ಮಾನ. ಅವನು ಹೇಳಿದ್ದೆಲ್ಲವೂ ಮುಂದೆ ಹಾಗೆಯೇ ನಿಲ್ಲಲಿಲ್ಲವಾದರೂ ನಾರಿನ ಮಾತು ನಿಂತಿದೆ; ವಯಸ್ಕನೊಬ್ಬನಿಗೆ ದಿನಕ್ಕೆ ಕನಿಷ್ಠ ೨೫ ಗ್ರಾಮ್ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ಹೇಳಿತು.

ಬರ್ಕಿಟ್ ಕಂಡ ಆಫ್ರಿಕಕ್ಕೂ ನಮ್ಮ ಪುರವರಕ್ಕೂ ಒಂದು ನಂಟಿದೆ. ರಾಗಿ ಮೂಲತಃ ಪೂರ್ವ ಆಫ್ರಿಕದ ಧಾನ್ಯ. ಉಗಾಂಡದವರೂ ಅದನ್ನು ಬೆಳೆದು ಉಣ್ಣುತ್ತಾರೆ. ಮಂಡ್ಯದಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ತಳಿಗಳನ್ನೂ ಆಫ್ರಿಕದ ತಳಿಗಳನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಸೃಷ್ಟಿಸಿದಾಗ ಬಹುಕಾಲ ಅಗಲಿದ್ದ ದಾಯಾದಿಗಳನ್ನು ಒಂದುಗೂಡಿಸಿದಂತಾಯಿತು. ಈ ಧಾನ್ಯಕ್ಕೆ ನಮ್ಮ ಸಾಹಿತ್ಯದಲ್ಲಿಯೂ ದೊಡ್ಡ ಸ್ಥಾನವಿದೆಯೆಂಬುದನ್ನು ಓದುಗರಿಗೆ ನಾನು ನೆನಪಿಸಬೇಕಾಗಿಲ್ಲ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ನೆಲ್ಲು ತನ್ನ ಕುಲವನ್ನು ಹೊಗಳಿಕೊಂಡು ನರೆದಲೆಗವನ್ನು ಹಳಿಯುತ್ತದೆ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತಂದಾಗ ನೆಲ್ಲು ಸೊರಗಿರುತ್ತದೆ, ರಾಗಿ ಕುಂದದೆ ನಿಂತಿರುತ್ತದೆ. ಮೇಲು ಕೀಳುಗಳನ್ನು ಕುರಿತ ಕಾವ್ಯವೆಂದು ಅದನ್ನು ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ. ಅಡಿಗೆಮನೆಯ ಸತ್ಯವೂ ಅದರಲ್ಲಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ೨೦೧೭ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಪ್ರಕಾರ ೧೦೦ ಗ್ರಾಮ್ ರಾಗಿಯಲ್ಲಿ ನಾರು ಸುಮಾರು ೧೧ ಗ್ರಾಮ್. ಪಾಲಿಷ್ ಮಾಡಿದ ಅಕ್ಕಿಯಲ್ಲಿ ೩ ಗ್ರಾಮಿಗೂ ಕಡಮೆ.

ನಮ್ಮ ಸೀಮೆಯ ಹಳೆಯ ಊಟವನ್ನು ಈ ಲೆಕ್ಕದಲ್ಲಿ ನೋಡಬೇಕು. ಬೆಳಗ್ಗೆ ಹಿಂದಿನ ರಾತ್ರಿಯ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಈರುಳ್ಳಿ ನಂಚಿಕೊಂಡು ಕುಡಿಯುವುದು. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಬಸ್ಸಾರು. ಮಳೆಗಾಲವಾದರೆ ಹೊಲದ ಬದುವಿನಲ್ಲಿ ತಾನಾಗಿ ಎದ್ದ ಅಣ್ಣೆ, ಹೊನಗೊನೆ, ಗೋಣಿ ಎಲ್ಲವನ್ನೂ ಒಟ್ಟಿಗೆ ಕೊಯ್ದು ತಂದು ಬೆರಕೆ ಸೊಪ್ಪಿನ ಮಸ್ಸೊಪ್ಪು. ಮಾಗಿಯಲ್ಲಿ ಅವರೆಕಾಳು. ಕೈಯಗಲದ ಮುದ್ದೆಯೂ ಹಿಡಿ ಕಾಳೂ ಹೊರೆ ಸೊಪ್ಪೂ ಸೇರಿದ ಮೇಲೆ ೨೫ ಗ್ರಾಮಿನ ಲೆಕ್ಕವನ್ನು ಯಾರೂ ಇಡಬೇಕಾಗಿರಲಿಲ್ಲ. ಇದು ಬಡತನದ ಊಟವಾಗಿತ್ತೆಂಬುದನ್ನು ನಾನು ಮರೆಮಾಚುವುದಿಲ್ಲ. ಅದನ್ನೂ ಹೊಟ್ಟೆ ತುಂಬ ಕಾಣದ ಮನೆಗಳು ಬೇಕಾದಷ್ಟಿದ್ದವು. ೨೦೧೩ರಲ್ಲಿ ಅನ್ನಭಾಗ್ಯ ಬಂದ ಮೇಲೆ ಹಸಿವಿನ ಮಾತು ತಗ್ಗಿತು. ಅದನ್ನು ಹಗುರವಾಗಿ ಕಾಣುವವನು ಹಸಿದವನಲ್ಲ. ಆದರೆ ಹಬ್ಬದ ಅನ್ನ ನಿತ್ಯದ ಅನ್ನವಾಯಿತು. ಸೊಪ್ಪು ಕೊಯ್ಯುವ ಹೊತ್ತು ಹೋಯಿತು, ಕಳೆನಾಶಕ ಹೊಡೆದ ಬದುವಿನಲ್ಲಿ ಸೊಪ್ಪೂ ಹೋಯಿತು. ಶಾಲೆಯಿಂದ ಬಂದ ಹುಡುಗ ಬನ್ನು ಬಿಸ್ಕತ್ತು ಕೇಳತೊಡಗಿದ. ಮುದ್ದೆ ತಿನ್ನುತ್ತಿದ್ದಾಗ ಯಾರಿಗೂ ಬೇಕಾಗದ ಚೂರ್ಣ ಈಗ ಪೊಟ್ಟಣ ಪೊಟ್ಟಣವಾಗಿ ಮಾರಾಟವಾಗುತ್ತಿದೆ. ೨೦೨೩ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿದಾಗ ಪಟ್ಟಣದ ಅಂಗಡಿಗಳಲ್ಲಿ ರಾಗಿಗೆ ಮರ್ಯಾದೆ ಬಂತು, ಬೆಲೆಯೂ ಬಂತು.

ಇನ್ನು ನೀರಿನ ವಿಷಯ. ನಾರು ಕೆಲಸ ಮಾಡಬೇಕಾದರೆ ನೀರು ಬೇಕು; ಕೊಳಕು ನೀರಾದರೆ ನಾರಿನಿಂದ ಏನೂ ಆಗದು. ಪಾವಗಡ, ಮಧುಗಿರಿ, ಸಿರಾ ತಾಲ್ಲೂಕುಗಳಲ್ಲಿ ಬಾವಿಗಳು ಬತ್ತಿ, ಕೊಳವೆಬಾವಿಗಳು ನೂರಾರು ಅಡಿ ಕೆಳಕ್ಕಿಳಿದಂತೆಲ್ಲ ಬಂಡೆಯೊಳಗಿನ ಫ್ಲೋರೈಡ್ ನಮ್ಮ ಲೋಟಕ್ಕೆ ಬಂತು. ಲೀಟರಿಗೆ ೧.೫ ಮಿಲಿಗ್ರಾಮಿನ ಮಿತಿಯನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುವುದನ್ನೂ ಮಂಡಿ ಬಾಗುವುದನ್ನೂ ಎಲ್ಲರೂ ಕಂಡಿದ್ದಾರೆ. ಹೊಟ್ಟೆಗೆ ಆಗುವುದು ಕಣ್ಣಿಗೆ ಕಾಣದು: ಆ ಫ್ಲೋರೈಡ್ ಜಠರದ ಆಮ್ಲದೊಡನೆ ಕೂಡಿ ಒಳಪೊರೆಯನ್ನು ಕೆರಳಿಸುತ್ತದೆ, ಓಕರಿಕೆ, ಉಬ್ಬರ, ಒಮ್ಮೆ ಮಲಬದ್ಧತೆ, ಒಮ್ಮೆ ಭೇದಿ. ಇಂಥವನು ಕರುಳು ತೊಳೆಯಲು ಹೊರಟರೆ ತೊಳೆಯುವ ನೀರೂ ಅದೇ ತಾನೇ! ಪಂಚಾಯಿತಿಯ ಶುದ್ಧ ನೀರಿನ ಘಟಕದ ಮುಂದೆ ನಾಣ್ಯ ಹಿಡಿದು ಬಿಂದಿಗೆಯೊಡನೆ ನಿಲ್ಲುವ ಹೆಂಗಸು ಕರುಳಿನ ಆರೋಗ್ಯಕ್ಕೆ ಮಾಡುತ್ತಿರುವುದು ಯಾವ ಶಿಬಿರದವರೂ ಮಾಡಲಾರದ ಸೇವೆ.

ನೀರು ಹೊರಹೋಗುವುದರ ಭಯವನ್ನು ನಮ್ಮ ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ವಾಂತಿಭೇದಿ ಬಂದ ಬೇಸಗೆಯಲ್ಲಿ ಊರಿಗೆ ಊರೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ಕಥೆಗಳನ್ನು ಅಜ್ಜಿ ಹೇಳುತ್ತಿದ್ದಳು. ಭೇದಿ ನಿಲ್ಲಿಸಲು ದಾಳಿಂಬೆಯ ಒಣಸಿಪ್ಪೆಯನ್ನು ಮಜ್ಜಿಗೆಯಲ್ಲಿ ತೇದು ಕೊಡುತ್ತಿದ್ದರು. ಮಧುಗಿರಿಯ ಹೆಸರಿನ ದಾಳಿಂಬೆಯ ತಳಿಯೇ ಇದೆಯಾದ್ದರಿಂದ ಸಿಪ್ಪೆಗೆ ಕೊರತೆಯಿರಲಿಲ್ಲ. ಆ ಮಜ್ಜಿಗೆಗೆ ಹಾಕುತ್ತಿದ್ದ ಉಪ್ಪು, ಮೇಲೆ ಕುಡಿಸುತ್ತಿದ್ದ ಗಂಜಿ, ಇವೇ ಬಹುಶಃ ಸಿಪ್ಪೆಗಿಂತ ಹೆಚ್ಚು ಕೆಲಸ ಮಾ­ಡಿರಬೇಕು. ೧೯೭೧ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ದಿಲೀಪ್ ಮಹಾಲನಬಿಸ್ ಉಪ್ಪು ಸಕ್ಕರೆ ಸೋಡಾಗಳನ್ನು ಅಳತೆಯಿಂದ ನೀರಿನಲ್ಲಿ ಕರಗಿಸಿ ಕುಡಿಸಿ, ನೂರಕ್ಕೆ ೩೦ರಷ್ಟಿದ್ದ ಸಾವನ್ನು ೪ಕ್ಕಿಂತ ಕೆಳಗಿಳಿಸಿದರು. ಅಂಥ ಭೇದಿಯನ್ನೇ ಹಣ ಕೊಟ್ಟು ಬರಿಸಿಕೊಳ್ಳುವ ಕಾಲ ಬರುವುದೆಂದು ಅವರು ಕನಸಿನಲ್ಲಿಯೂ ಎಣಿಸಿರಲಾರರು.

ಇಷ್ಟೆಲ್ಲ ಬರೆಯುವುದಕ್ಕೆ ಕಾರಣ ನನ್ನ ದೊಡ್ಡಪ್ಪನ ಮಗ, ನನಗೆ ಅಣ್ಣನಾಗಬೇಕಾದವರು. ಅರವತ್ತು ದಾಟಿದ ಗಟ್ಟಿ ಆಳು. ಅವರಿಗೆ ಹೊರಗೆ ಹೋದಾಗ ರಕ್ತ ಕಾಣಿಸಿಕೊಂಡಿತು. ಯಾರೊಡನೆಯೂ ಹೇಳಲಿಲ್ಲ, ಹೇಳುವ ಮಾತೇ ನಮ್ಮಲ್ಲಿಲ್ಲವಲ್ಲ. ಮೂಲವ್ಯಾಧಿಯೆಂದು ತಾವೇ ನಿಶ್ಚಯಿಸಿಕೊಂಡು, ಕರುಳು ಶುದ್ಧಿಯಾದರೆ ಸರಿಹೋಗುವುದೆಂದು ಅಂಥದೇ ಒಂದು ಚೂರ್ಣವನ್ನು ತರಿಸಿ ವರ್ಷಕ್ಕೂ ಮೇಲ್ಪಟ್ಟು ನುಂಗಿದರು. ದಿನವೂ ಸಲೀಸಾಗಿ ಆಗುತ್ತಿದ್ದುದರಿಂದ ಗುಣವಾಗುತ್ತಿದೆಯೆಂದೇ ನಂಬಿದ್ದರು. ತೂಕ ಇಳಿದದ್ದನ್ನು ಕಂಡು, ಒಳಗಿನ ಕಶ್ಮಲ ಹೋಗುತ್ತಿದೆಯೆಂದು ಸಂತೋಷಪಟ್ಟರಂತೆ. ಬಿಳುಚಿಕೊಂಡು, ಕಟ್ಟೆ ಹತ್ತಿದರೆ ಏದುಸಿರು ಬರುವಂತಾದ ಮೇಲೆ ಅತ್ತಿಗೆ ಹೆದರಿ ನನಗೆ ಹೇಳಿ ಕಳುಹಿಸಿದರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡಬೇಕೆಂದರು. ಹಿಂದಿನ ಸಂಜೆ ಅಣ್ಣನಿಗೆ ಒಂದು ಪುಡಿಯನ್ನು ನೀರಿನಲ್ಲಿ ಕಲಸಿ, ಗಂಟೆಗಳ ಕಾಲ ಲೋಟದ ಮೇಲೆ ಲೋಟ ಕುಡಿಸಿದರು. ಕರುಳನ್ನು ನಿಜವಾಗಿಯೂ ಬರಿದುಮಾಡಬೇಕಾದ ಸಂದರ್ಭ ವೈದ್ಯದಲ್ಲಿ ಇದೊಂದಿದೆ, ಒಳಗೆ ಕಣ್ಣಿಟ್ಟು ನೋಡುವುದಕ್ಕಾಗಿ. "ಒಂದು ವರ್ಷ ದುಡ್ಡು ಕೊಟ್ಟು ತೊಳೆದಿದ್ದೀನಲ್ಲಪ್ಪಾ, ಇನ್ನೂ ಏನು ಉಳಿದಿರುತ್ತೆ ಅಂತ ಇವರು ಹೀಗೆ ಕುಡಿಸ್ತಾರೆ?" ಎಂದು ಅಣ್ಣ ಕೇಳಿದರು.

ಮಾರನೆಯ ದಿನ ವೈದ್ಯರು ಪರದೆಯ ಮೇಲೆ ಚಿತ್ರವನ್ನು ತೋರಿಸಿದರು. ತಿಳಿಗೆಂಪಾಗಿರಬೇಕಾದ ಗೋಡೆಯೆಲ್ಲ ಕಂದುಕಪ್ಪಿನ ಮಚ್ಚೆಗಳಿಂದ ತುಂಬಿತ್ತು. ಚೂರ್ಣದಲ್ಲಿದ್ದ ಸೋನಾಮುಖಿಯ ಕಲೆಯದು, ಅದರಿಂದ ಹಾನಿಯಿಲ್ಲ, ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಹೋಗುತ್ತದೆ ಎಂದರು. ಶುದ್ಧಿಯ ಪುಡಿ ಒಳಗೆ ಬಿಟ್ಟು ಹೋದದ್ದು ಆ ಮಸಿ ಒಂದೇ. ಅದರ ಆಚೆಗೆ, ಎಡಗಡೆಯ ತಿರುವಿನಲ್ಲಿ, ಗಡ್ಡೆಯಿತ್ತು. ಐವತ್ತು ದಾಟಿದವರಿಗೆ ರಕ್ತ ಕಂಡರೆ, ಇದ್ದ ರೂಢಿ ಬದಲಾದರೆ, ಕಾರಣವಿಲ್ಲದೆ ತೂಕವೂ ರಕ್ತವೂ ಇಳಿದರೆ ಆ ವಾರವೇ ಬರಬೇಕು, ಇವರು ವರ್ಷ ಕಳೆದು ಬಂದಿದ್ದಾರೆ ಎಂದು ಆ ವೈದ್ಯರು ಬಯ್ಯದೆ, ಬೇಸರದಿಂದ ಹೇಳಿದರು.

ಶಸ್ತ್ರಕ್ರಿಯೆಯಾಯಿತು, ಕರುಳಿನ ಒಂದು ಗೇಣಿನಷ್ಟನ್ನು ತೆಗೆದು ಜೋಡಿಸಿದರು. ಆರು ತಿಂಗಳು ಔಷಧವಾಯಿತು. ಈಗ ಊರಿನಲ್ಲಿದ್ದಾರೆ, ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗಿಬರುತ್ತಾರೆ. ಮೊದಮೊದಲು ಗಂಜಿ, ಆಮೇಲೆ ಮೆತ್ತನೆಯ ಅನ್ನ. ಕಳೆದ ಯುಗಾದಿಯಿಂದ ಅತ್ತಿಗೆ ಸಣ್ಣ ಮುದ್ದೆಯನ್ನೂ ಬಡಿಸುತ್ತಿದ್ದಾರೆ. ಅರಳಿಕಟ್ಟೆಯಲ್ಲಿ ಕೂತ ಗೆಳೆಯರನ್ನು ಅಣ್ಣ ಈಗ ದನಿ ತಗ್ಗಿಸದೆ ವಿಚಾರಿಸುತ್ತಾರೆ: "ಹೊರಗೆ ಸರಿಯಾಗಿ ಆಗ್ತಿದೆಯೇನಪ್ಪಾ? ರಕ್ತಗಿಕ್ತ ಏನೂ ಇಲ್ಲ ತಾನೆ?" ಹೋದ ತಿಂಗಳು ಆ ಕಟ್ಟೆಯಿಂದ ಇಬ್ಬರು ಮಧುಗಿರಿಯ ಆಸ್ಪತ್ರೆಗೆ ತೋರಿಸಿಕೊಂಡು ಬಂದರು. ಒಬ್ಬನಿಗೆ ಬರಿಯ ಮೂಲವ್ಯಾಧಿ. ಇನ್ನೊಬ್ಬನನ್ನು ತುಮಕೂರಿಗೆ ಕಳುಹಿಸಿದ್ದಾರೆ.